ಮೊಬೈಲ್‌ನಲ್ಲಿ 22 ಮಿ.ಮೀ. ಮಳೆ, ಹೊಲದಲ್ಲಿ ಎಷ್ಟು?

ಈ ವಾರ ಯಾವುದೇ ಹೊಸ ತಳಿ, ಔಷಧಿ ಬಗ್ಗೆ ಬರೀತಿಲ್ಲ. ನಾನೇ ಕೊಟ್ಟ ಒಂದು ತಪ್ಪು ಸಲಹೆ ಬಗ್ಗೆ, ಅದರಿಂದ ಕಲಿತದ್ದರ ಬಗ್ಗೆ ಬರೀತೀನಿ.

ಆಗ ನಾನು ಕೃಷಿ ಹವಾಮಾನ ವಿಜ್ಞಾನದಲ್ಲಿ ಎಂ.ಎಸ್ಸಿ. ಎರಡನೇ ವರ್ಷ ಓದ್ತಿದ್ದೆ. ಜೂನ್ ಕೊನೆ ವಾರ, ಆರಿದ್ರಾ ಮಳೆ ಸಮಯ. ಬೆಳಿಗ್ಗೆ ಕಾಲೇಜಿನ ಹವಾಮಾನ ವೀಕ್ಷಣಾಲಯದಲ್ಲಿ ರೀಡಿಂಗ್ ಬರೀತಿದ್ದಾಗ ಊರಿಂದ ತಮ್ಮ ಫೋನ್ ಮಾಡಿದ. ನಮ್ಮದು ಶಿರಾ ಕಡೆ, ಕೆಂಪು ನೆಲ, ಮಳೆ ನಂಬಿದ ಬೇಸಾಯ.

"ಅಕ್ಕಾ, ರಾತ್ರಿ ನಮ್ಮೂರಲ್ಲಿ 22 ಮಿಲಿಮೀಟರ್ ಮಳೆ ಅಂತ ಮೊಬೈಲ್ ತೋರಿಸ್ತೈತೆ. ಕಡ್ಲೆಕಾಯಿ ಬಿತ್ತಬೌದಾ?"

"22 ಆಗಿದ್ರೆ ಬಿತ್ತಬಹುದು ಕಣೋ. ತಡ ಮಾಡಬೇಡ" ಅಂದೆ.

ಬಿತ್ತಿದರು. ನಾಲ್ಕು ಎಕರೆಗೆ ಸುಮಾರು ಎರಡು ಕ್ವಿಂಟಲ್ ಬೀಜ. ಆಮೇಲೆ ಎರಡು ವಾರ ಮಳೆ ಇಲ್ಲ. ಬೀಜ ಸ್ವಲ್ಪ ಊದಿಕೊಂಡು ಅಲ್ಲೇ ಒಣಗಿತು. ಅಲ್ಲೊಂದು ಇಲ್ಲೊಂದು ಮೊಳಕೆ ಬಿಟ್ಟರೆ ಹೊಲ ಖಾಲಿ. ಭಾನುವಾರ ಊರಿಗೆ ಹೋದಾಗ ಅಪ್ಪ ನನ್ನನ್ನೂ ಬೈಯಲಿಲ್ಲ, ತಮ್ಮನ್ನೂ ಬೈಯಲಿಲ್ಲ. "ಅವತ್ತು ಅಂಗಳದಾಗಿದ್ದ ಬಕೆಟ್‌ನಾಗೆ ಬೆರಳು ಮುಳುಗೋಷ್ಟೂ ನೀರು ನಿಂತಿರ್ಲಿಲ್ಲ ಕಣಮ್ಮ. ನಾನಾದ್ರೂ ಹೇಳ್ಬೇಕಿತ್ತು. ನೀವಿಬ್ರೂ ಓದಿರೋರು ಅಂತ ಸುಮ್ಕಾದೆ" ಅಂದರು.

ಆ ರಾತ್ರಿ ನಮ್ಮ ಹೊಲದಲ್ಲಿ ನಿಜಕ್ಕೂ ಎಷ್ಟು ಮಳೆ ಆಗಿತ್ತು? 5 ಮಿ.ಮೀ.? 10? ಇವತ್ತಿಗೂ ನಮಗೆ ಗೊತ್ತಿಲ್ಲ. ಯಾಕಂದ್ರೆ ಯಾರೂ ಅಳೆದಿರಲಿಲ್ಲ. ಅದೇ ಬೆಳಿಗ್ಗೆ ನಾನು ಮಾತ್ರ ಊರಿಂದ ನೂರಾರು ಕಿಲೋಮೀಟರ್ ದೂರದ ಕ್ಯಾಂಪಸ್‌ನಲ್ಲಿ ಕೂತು ಅಲ್ಲಿ ಬಿದ್ದ ಮಳೆಯನ್ನು ದಶಮಾಂಶದ ಲೆಕ್ಕದಲ್ಲಿ ರಿಜಿಸ್ಟರ್‌ಗೆ ಬರೀತಿದ್ದೆ.

ಲ್ಯಾಬ್ ಅಂದ್ರೆ ಬೇಲಿ ಹಾಕಿದ ಒಂದು ತುಂಡು ಜಾಗ

ಹವಾಮಾನ ಲ್ಯಾಬ್ ಅಂದ್ರೆ ಎಸಿ ರೂಮು, ದೊಡ್ಡ ಕಂಪ್ಯೂಟರ್, ಗೋಡೆ ತುಂಬಾ ಉಪಗ್ರಹ ಚಿತ್ರ ಅಂತ ನಾನೂ ಅಂದುಕೊಂಡಿದ್ದೆ. ಕಂಪ್ಯೂಟರ್ ಇದೆ, ಇಲ್ಲ ಅನ್ನಲ್ಲ. ಆದರೆ ನಮ್ಮ ನಿಜವಾದ ಲ್ಯಾಬ್ ಅಂದ್ರೆ ಸುತ್ತ ತಂತಿ ಬೇಲಿ ಹಾಕಿ, ಹುಲ್ಲು ಕತ್ತರಿಸಿ ಇಟ್ಟ ಬಯಲು ಜಾಗ.

ಅಲ್ಲಿ ಕಾಲಿನ ಮೇಲೆ ನಿಂತ ಒಂದು ಬಿಳಿ ಮರದ ಪೆಟ್ಟಿಗೆ ಇರುತ್ತೆ. ಅದಕ್ಕೆ ಸ್ಟೀವನ್‌ಸನ್ ಸ್ಕ್ರೀನ್ ಅಂತಾರೆ. ಗಾಳಿ ಆಡಲಿ, ಬಿಸಿಲು ಬೀಳದಿರಲಿ ಅಂತ ಸುತ್ತ ಓರೆ ಪಟ್ಟಿ, ಬಾಗಿಲು ಉತ್ತರಕ್ಕೆ. ಒಳಗೆ ನಾಲ್ಕು ಥರ್ಮಾಮೀಟರ್. ಪಕ್ಕದಲ್ಲಿ ನೆಲದಿಂದ 30 ಸೆಂ.ಮೀ. ಎತ್ತರಕ್ಕೆ ಬಾಯಿ ಬರುವಂತೆ ಕೂರಿಸಿದ ರೈನ್ ಗೇಜ್. ಮಣ್ಣಿನಲ್ಲಿ 5, 10, 20 ಸೆಂ.ಮೀ. ಆಳದಲ್ಲಿ ಹುಗಿದ ಥರ್ಮಾಮೀಟರ್‌ಗಳು. ಇನ್ನೊಂದು ಕಡೆ ಸುಮಾರು 120 ಸೆಂ.ಮೀ. ಅಗಲದ ನೀರಿನ ತೊಟ್ಟಿ, ಇದು ದಿನಕ್ಕೆ ಎಷ್ಟು ನೀರು ಆವಿಯಾಯ್ತು ಅಂತ ನೋಡೋಕೆ. ಕಾಗೆ, ನಾಯಿ ಕುಡಿಯದಿರಲಿ ಅಂತ ಮೇಲೆ ತಂತಿ ಬಲೆ. ಹಾಗಿದ್ರೂ ಬೇಸಿಗೆಯಲ್ಲಿ ಕೋತಿಗಳು ಬಲೆ ಎತ್ತೋಕೆ ನೋಡ್ತಿದ್ವು.

ರೀಡಿಂಗ್ ತಗೊಳ್ಳೋಕೂ ಸಮಯ ಇದೆ. ಬೆಳಿಗ್ಗೆ 7 ಮತ್ತು ಮಧ್ಯಾಹ್ನ 2, ಆದರೆ ಅದು ಸೂರ್ಯನ ಲೆಕ್ಕದ ಸ್ಥಳೀಯ ಸಮಯ. ನಮ್ಮ ಭಾಗದಲ್ಲಿ ಕೈಗಡಿಯಾರಕ್ಕೆ ಸುಮಾರು 22 ನಿಮಿಷ ಸೇರಿಸಬೇಕು, ಅಂದ್ರೆ 7:22 ಮತ್ತು 2:22. ಮಳೆಯ ಲೆಕ್ಕ ಮಾತ್ರ ದೇಶಕ್ಕೆಲ್ಲ ಒಂದೇ, ಬೆಳಿಗ್ಗೆ 8:30. ಹಿಂದಿನ ದಿನ 8:30ರಿಂದ ಇವತ್ತು 8:30ರವರೆಗೆ ಬಿದ್ದದ್ದೆಲ್ಲ ಇವತ್ತಿನ ತಾರೀಕಿಗೆ ಸೇರುತ್ತೆ.

ಭಾನುವಾರ, ಹಬ್ಬ, ಪರೀಕ್ಷೆ ಅಂತ ರಜೆ ಇಲ್ಲ. ಹಾಸ್ಟೆಲ್‌ನಲ್ಲಿ ಉಳಿದವರೆಲ್ಲ ಮಲಗಿದ್ದಾಗ ನಾವು ಡ್ಯೂಟಿ ಇದ್ದವರು ಸೈಕಲ್ ಹತ್ತಬೇಕು. ಯುಗಾದಿ ದಿನ ಎಣ್ಣೆ ಹಚ್ಚಿಕೊಂಡ ತಲೆಯಲ್ಲೇ ಹೋಗಿ ರೀಡಿಂಗ್ ತಗೊಂಡಿದ್ದೀನಿ.

ಸಂಶೋಧನೆ ಅಂದ್ರೂ ಇದೇ ತರ ಕೆಲಸ. ನನ್ನ ಪ್ರಬಂಧ ಮಣ್ಣಿನ ತೇವಾಂಶದ ಮೇಲೆ. ವಾರಕ್ಕೊಮ್ಮೆ ಬೈರಿಗೆಯಂಥ ಆಗರ್ ತಿರುಗಿಸಿ 15, 30, 45, 60 ಸೆಂ.ಮೀ. ಆಳದ ಮಣ್ಣು ತೆಗೆದು ಅಲ್ಯೂಮಿನಿಯಂ ಡಬ್ಬಿಗೆ ಹಾಕಬೇಕು, ತೂಗಬೇಕು, ಓವನ್‌ನಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಬೇಕು, ಮತ್ತೆ ತೂಗಬೇಕು. ಎರಡು ತೂಕದ ವ್ಯತ್ಯಾಸವೇ ನೀರು. ಒಂದು ಸಲ ರಾತ್ರಿ ಕರೆಂಟ್ ಹೋಗಿ ಬೆಳಗಿನವರೆಗೂ ಬರಲಿಲ್ಲ, ಆ ವಾರದ ಡಬ್ಬಿಗಳೆಲ್ಲ ವ್ಯರ್ಥ. ನನ್ನ ಟೇಬಲ್‌ನಲ್ಲಿ ಆ ವಾರದ ಕಾಲಂ ಇವತ್ತಿಗೂ ಖಾಲಿಯೇ ಇದೆ. ಖಾಲಿ ಬಿಡೋಕೆ ಕಲಿತದ್ದು ಹೇಗೆ ಅಂತ ಮುಂದೆ ಹೇಳ್ತೀನಿ.

ನಾನು ಹೇಳಿದ ಒಂದು ಸೊನ್ನೆ

ಇದು ಮೊದಲ ವರ್ಷದ ಕಥೆ. ಸೆಪ್ಟೆಂಬರ್ ತಿಂಗಳು. ಗುರುವಾರ ರಾತ್ರಿ ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳ ಬೀಳ್ಕೊಡುಗೆ, ಮಲಗಿದಾಗ ತುಂಬಾ ತಡ ಆಗಿತ್ತು. ಶುಕ್ರವಾರ ನನ್ನ ಡ್ಯೂಟಿ. ಎದ್ದಾಗ ಗಂಟೆ ಹತ್ತು. ಆಗಲೇ ಡಿಪಾರ್ಟ್‌ಮೆಂಟ್‌ನಿಂದ ಫೋನ್: "ಇವತ್ತಿನ ಮಳೆ ಎಷ್ಟಮ್ಮಾ?" ಕೃಷಿ ಹವಾಮಾನ ಸಲಹೆ ಪತ್ರಿಕೆ ಮಂಗಳವಾರ, ಶುಕ್ರವಾರ ಹೊರಡುತ್ತೆ, ಅವರು ಅದಕ್ಕೆ ಕಾಯ್ತಿದ್ರು. ಕಿಟಕಿಯಿಂದ ನೋಡಿದೆ. ಬಿಸಿಲು, ಕೆಳಗೆ ಕಾಂಕ್ರೀಟ್ ಒಣಗಿತ್ತು. "ಇಲ್ಲ ಸರ್, ಸೊನ್ನೆ" ಅಂದೆ.

ಮಳೆ ಇಲ್ಲ, ನೀರಿನ ಅನುಕೂಲ ಇದ್ದವರು ತರಕಾರಿಗೆ ನೀರು ಕೊಡಿ ಅಂತ ಸಲಹೆ ಹೋಯ್ತು. ಮಧ್ಯಾಹ್ನ ಕ್ಯಾಂಪಸ್ ಪಕ್ಕದ ಹಳ್ಳಿಯ ರೈತರೊಬ್ಬರು ಫೋನ್ ಮಾಡಿದರು. "ರಾತ್ರಿ ನಮ್ಮ ಕೃಷಿ ಹೊಂಡಕ್ಕೆ ನೀರು ಬಂದೈತೆ. ನೀವು ನೋಡಿದ್ರೆ ನೀರು ಕಟ್ಟಿ ಅಂತೀರಿ. ಎಲ್ಲಿ ಕೂತ್ಕೊಂಡು ಬರೀತೀರಾ ಸ್ವಾಮಿ?"

ನಮ್ಮ ಸರ್ ನನ್ನನ್ನು ಕರೆದುಕೊಂಡು ವೀಕ್ಷಣಾಲಯಕ್ಕೆ ಹೋದರು. ರೈನ್ ಗೇಜ್ ಬಿಚ್ಚಿ, ನೀರನ್ನು ಅಳತೆ ಗಾಜಿಗೆ ಸುರಿದು ನನ್ನ ಕೈಗೆ ಕೊಟ್ಟು "ಓದು" ಅಂದರು. 14.2 ಮಿ.ಮೀ. ಕೂಗಾಡಲಿಲ್ಲ. ಇಷ್ಟೇ ಹೇಳಿದರು: "ರೀಡಿಂಗ್ ತಗೊಂಡಿಲ್ಲ ಅಂದಿದ್ರೆ, ಇವತ್ತಿನ ಲೆಕ್ಕ ಇಲ್ಲ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ನೀನು ಸೊನ್ನೆ ಅಂದೆ. ಸೊನ್ನೆನ ಯಾರೂ ಅನುಮಾನ ಪಡಲ್ಲ. ಇಪ್ಪತ್ತು ವರ್ಷ ಆದ್ಮೇಲೂ ಯಾರೋ ಅದನ್ನ ನಂಬಿ ಲೆಕ್ಕ ಹಾಕ್ತಾರೆ."

ಆ ರೈತರು ಮತ್ತೆ ನಮ್ಮ ಪತ್ರಿಕೆ ಓದಿದರೋ ಇಲ್ಲವೋ ಗೊತ್ತಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಓದ್ತಿರಲಿಲ್ಲ.

ಆ್ಯಪ್‌ನ ನಂಬರ್ ಎಲ್ಲಿಂದ ಬರುತ್ತೆ?

ಈಗ ನಮ್ಮ ಮೊಬೈಲ್ ವಿಷಯಕ್ಕೆ ಬರೋಣ. ಅಪ್ಪ ಬಿತ್ತಿದ್ದು ಯಾವ 22 ನಂಬಿ? ಆ 22 ಮಿ.ಮೀ. ಯಾವ ಪಾತ್ರೆಯಲ್ಲೂ ಬಿದ್ದ ನೀರಲ್ಲ. ಅದು ಕಂಪ್ಯೂಟರ್ ಲೆಕ್ಕ. ಹವಾಮಾನ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು, ಒಂದೊಂದು ಚೌಕಕ್ಕೆ ಒಂದೊಂದು ನಂಬರ್ ಕೊಡುತ್ತವೆ. ನಮ್ಮ ದೇಶದಲ್ಲಿ ಹಲವು ವರ್ಷ 12 ಕಿ.ಮೀ. ಚೌಕದ ಮಾದರಿ ಬಳಕೆಯಲ್ಲಿತ್ತು. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಅದನ್ನು 6 ಕಿ.ಮೀ.ಗೆ ಇಳಿಸಿದೆ. ಇದು ದೊಡ್ಡ ಸಾಧನೆಯೇ. ಆದರೂ ಲೆಕ್ಕ ಹಾಕಿ ನೋಡಿ: 6 ಕಿ.ಮೀ. ಉದ್ದ, 6 ಕಿ.ಮೀ. ಅಗಲ ಅಂದ್ರೆ ಸುಮಾರು 8,900 ಎಕರೆ. ಅಷ್ಟಕ್ಕೂ ಒಂದೇ ನಂಬರ್. ನಿಮ್ಮ ನಾಲ್ಕು ಎಕರೆ ಅದರ ಯಾವ ಮೂಲೆಯಲ್ಲಿದೆ ಅಂತ ಆ ನಂಬರ್‌ಗೆ ಗೊತ್ತಿಲ್ಲ.

ಮುಂಗಾರಿನ ಗುಡುಗು ಮಳೆ ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕೆರೆ ಆಚೆ ಹುಯ್ದರೆ ಈಚೆ ಹನಿ ಇಲ್ಲ.

ಮುನ್ಸೂಚನೆ ನೋಡಬೇಡಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಮೇಘದೂತ್ ಆ್ಯಪ್ ಇಟ್ಕೊಳ್ಳಿ, ಸಿಡಿಲಿನ ಎಚ್ಚರಿಕೆಗೆ ದಾಮಿನಿ ಇಟ್ಕೊಳ್ಳಿ. ನಮ್ಮ ರಾಜ್ಯದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆಯುವ ರೈನ್ ಗೇಜ್ ಹಾಕಿದ್ದಾರೆ, ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು. ಅದು ನಿಜವಾದ ಅಳತೆ. ಆದರೆ ಒಂದು ಪಂಚಾಯಿತಿಯಲ್ಲಿ ಐದಾರು ಹಳ್ಳಿ ಇದ್ದರೆ, ಗೇಜ್ ಇರೋದು ಯಾವುದೋ ಒಂದು ಕಡೆ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ನಾಳೆ ಮಳೆ ಬರುತ್ತಾ ಅಂತ ಮೊಬೈಲ್ ಕೇಳಿ. ನಿನ್ನೆ ಎಷ್ಟು ಬಂತು ಅಂತ ಮೊಬೈಲ್ ಕೇಳಬೇಡಿ, ನಿಮ್ಮ ಹೊಲದಲ್ಲೇ ಅಳೆಯಿರಿ. ಹತ್ತು ಸಾವಿರದ ಫೋನ್ ಜೇಬಲ್ಲಿರೋ ನಾವು ಕೆಲವು ನೂರು ರೂಪಾಯಿಯ ಒಂದು ರೈನ್ ಗೇಜ್ ಹೊಲದಲ್ಲಿ ಇಡದೇ ಇರೋದು ಸೋಮಾರಿತನ ಅಷ್ಟೇ. ನನ್ನ ಮನೆಯೂ ಇದರಿಂದ ಹೊರತಾಗಿರಲಿಲ್ಲ.

ಮಾಡೋದು ಹೇಗೆ?

ಪ್ಲಾಸ್ಟಿಕ್ ರೈನ್ ಗೇಜ್ ಆನ್‌ಲೈನ್‌ನಲ್ಲಿ ಸಿಗುತ್ತೆ. ಕೊಳ್ಳೋದು ಬೇಡ ಅಂದ್ರೆ ಮೇಲಿಂದ ಕೆಳಗೆ ಒಂದೇ ಅಗಲ ಇರೋ, ತಳ ಸಪಾಟಾದ ಯಾವ ಡಬ್ಬಿಯಾದರೂ ಆಗುತ್ತೆ. ನಿಂತ ನೀರಿಗೆ ಸ್ಕೇಲ್ ಇಟ್ಟು ಮಿಲಿಮೀಟರ್ ಓದಿ. ಬಕೆಟ್ ಬೇಡ, ಅದರ ಬಾಯಿ ಅಗಲ, ತಳ ಕಿರಿದು, ಲೆಕ್ಕ ತಪ್ಪುತ್ತೆ.

ಇನ್ನೂ ಸರಿಯಾಗಿ ಬೇಕಾ? 16 ಸೆಂ.ಮೀ. ಬಾಯಿಯ ಆಲಿಕೆಯನ್ನು ಕ್ಯಾನ್ ಮೇಲೆ ಕೂರಿಸಿ. ಬಿದ್ದ ನೀರನ್ನು ಔಷಧಿ ಅಳೆಯೋ ಎಂ.ಎಲ್. ಗುರುತಿನ ಲೋಟದಲ್ಲಿ ಅಳೆಯಿರಿ (ಕೀಟನಾಶಕಕ್ಕೆ ಬಳಸಿದ ಲೋಟ ಬೇಡ). ಆ ಅಗಲದ ಬಾಯಿಗೆ 20 ಎಂ.ಎಲ್. ಅಂದ್ರೆ 1 ಮಿ.ಮೀ. ಮಳೆ. 300 ಎಂ.ಎಲ್. ಸಿಕ್ಕರೆ 15 ಮಿ.ಮೀ.

ಜಾಗ ಮುಖ್ಯ. ಮರ, ಮನೆ, ಪಂಪ್‌ಹೌಸ್ ಪಕ್ಕ ಬೇಡ. 5 ಮೀಟರ್ ಎತ್ತರದ ಮರ ಇದ್ದರೆ ಕನಿಷ್ಠ 10 ಮೀಟರ್ ದೂರ ಇಡಿ. ಬಾಯಿ ಸಮತಟ್ಟಾಗಿರಲಿ, ಗಾಳಿಗೆ ಅಲ್ಲಾಡದಂತೆ ಗೂಟಕ್ಕೆ ಕಟ್ಟಿ.

ದಿನಾ ಬೆಳಿಗ್ಗೆ 8:30ಕ್ಕೆ ನೋಡಿ, ಬರೀರಿ, ಚೆಲ್ಲಿ. ಮಳೆ ಇಲ್ಲದ ದಿನವೂ ನೋಡಿ, ನೋಡಿದ ಮೇಲೆ 0 ಬರೀರಿ. ನೋಡದ ದಿನ ಗೆರೆ ಎಳೆಯಿರಿ. ಎರಡು ದಿನ ಊರಲ್ಲಿ ಇರಲಿಲ್ಲ ಅಂದ್ರೆ ಒಟ್ಟು ಸಿಕ್ಕಿದ್ದನ್ನು ಬರೆದು "2 ದಿನದ್ದು" ಅಂತ ಪಕ್ಕದಲ್ಲಿ ಹಾಕಿ. ಅಂದಾಜಿಗೆ ಮಾತ್ರ ಬರೀಬೇಡಿ. ಮೊಬೈಲ್‌ನಲ್ಲಿ ಬರೆದರೂ ಪರವಾಗಿಲ್ಲ, ಆದರೆ ಪುಸ್ತಕದಲ್ಲೂ ಒಂದು ಪ್ರತಿ ಇರಲಿ. ಫೋನ್ ಎರಡು ವರ್ಷಕ್ಕೆ ಬದಲಾಗುತ್ತೆ.

ಬರೆದು ಏನು ಬಂತು?

ಮೊದಲನೇದು, ಬಿತ್ತನೆ. 1 ಮಿ.ಮೀ. ಮಳೆ ಅಂದ್ರೆ ಒಂದು ಎಕರೆಗೆ ಸುಮಾರು 4,047 ಲೀಟರ್ ನೀರು. 22 ಮಿ.ಮೀ. ಆದರೆ ಸುಮಾರು 89,000 ಲೀಟರ್, 8 ಮಿ.ಮೀ. ಆದರೆ ಬರೀ 32,000. ಒಣಗಿದ ಕೆಂಪು ಮರಳು ಮಿಶ್ರಿತ ನೆಲದಲ್ಲಿ 20–25 ಮಿ.ಮೀ. ನಿಧಾನಕ್ಕೆ ಬಿದ್ದರೆ ಹೆಚ್ಚುಕಮ್ಮಿ ಒಂದು ಗೇಣು ಇಳಿಯುತ್ತೆ. ಇಳಿಜಾರು ಇದ್ದರೆ, ರಭಸದ ಮಳೆ ಆದರೆ ಅಷ್ಟು ಇಳಿಯಲ್ಲ. ಅದಕ್ಕೇ ಗೇಜ್ ನೋಡಿದ ಮೇಲೆ ಗುದ್ದಲಿ ತಗೊಂಡು ಎರಡು ಕಡೆ ಅಗೆದು ಹದ ನೋಡಿ. ಒಂದೆರಡು ವರ್ಷ ಬರೆದರೆ ನಿಮ್ಮ ಹೊಲಕ್ಕೆ ಎಷ್ಟು ಮಿ.ಮೀ. ಅಂದ್ರೆ ಹದ ಅಂತ ನಿಮಗೇ ಗೊತ್ತಾಗುತ್ತೆ. ಅದನ್ನು ಯಾವ ವಿಶ್ವವಿದ್ಯಾಲಯವೂ ನಿಮ್ಮ ಸರ್ವೆ ನಂಬರ್‌ಗೆ ಲೆಕ್ಕ ಹಾಕಿ ಕೊಡೋಕೆ ಆಗಲ್ಲ.

ಎರಡನೇದು, ನೀರಾವರಿ. ನಮ್ಮ ಲ್ಯಾಬಿನ ತೊಟ್ಟಿಯಲ್ಲಿ ಬಿರು ಬಿಸಿಲಿನ ದಿನ 6 ಮಿ.ಮೀ. ನೀರು ಇಳಿದರೆ, ಅದನ್ನು 0.7ರಿಂದ ಗುಣಿಸ್ತೀವಿ, 4.2 ಮಿ.ಮೀ. ಹೊಲ ಪೂರ್ತಿ ಹಸಿರಾಗಿ ಮುಚ್ಚಿದ್ದರೆ ಎಕರೆಗೆ ದಿನಕ್ಕೆ ಸುಮಾರು 17,000 ಲೀಟರ್ ಖರ್ಚು, ಎಳೆ ಬೆಳೆಗೆ ಇನ್ನೂ ಕಡಿಮೆ. 12 ಮಿ.ಮೀ. ಮಳೆ ಬಿದ್ದು ನೆಲಕ್ಕೆ ಇಳಿದಿದ್ದರೆ ಸುಮಾರು ಮೂರು ದಿನದ ನೀರು ಸಿಕ್ಕಂತೆ. ಬಿದ್ದದ್ದು 12 ಅಂತ ಗೊತ್ತಿದ್ದರೆ ಮೋಟಾರ್ ನಿಲ್ಲಿಸ್ತೀರಿ, ಗೊತ್ತಿಲ್ಲದಿದ್ದರೆ ಭಯಕ್ಕೆ ಓಡಿಸ್ತೀರಿ.

ಮೂರನೇದು, ಮಾತಿಗೆ ಬೆಲೆ. ಇಲ್ಲಿ ನಿಜ ಹೇಳಬೇಕು: ನಿಮ್ಮ ನೋಟ್‌ಬುಕ್ ತೋರಿಸಿದರೆ ವಿಮೆ ಹಣ ಬರಲ್ಲ. ಹವಾಮಾನ ಆಧಾರಿತ ಬೆಳೆ ವಿಮೆ ನಿಗದಿ ಮಾಡಿದ ಕೇಂದ್ರದ ಡೇಟಾ ಮೇಲೆ ನಡೆಯುತ್ತೆ. ಆದರೆ ಒಂದೇ ಪಂಚಾಯಿತಿಯ ಹತ್ತು ಜನ ದಿನಾ ಬರೆದ ಲೆಕ್ಕ ಒಂದು ತರ ಇದ್ದು, ಗೇಜ್ ಇನ್ನೊಂದು ತರ ತೋರಿಸಿದರೆ, ಗೇಜ್ ಪರೀಕ್ಷೆ ಮಾಡಿ ಅಂತ ಕೇಳೋಕೆ ಕೈಯಲ್ಲಿ ಕಾಗದ ಇರುತ್ತೆ. "ನಮ್ಮಲ್ಲಿ ಮಳೆನೇ ಇಲ್ಲ ಸಾರ್" ಅನ್ನೋ ಮಾತಿಗಿಂತ ತಾರೀಕು ಹಾಕಿದ ಪಟ್ಟಿಗೆ ತೂಕ ಜಾಸ್ತಿ.

ಲ್ಯಾಬಿನವರಿಗೂ ಒಂದು ಮಾತು

ತಪ್ಪು ರೈತರದ್ದು ಮಾತ್ರ ಅಂತ ಬರೆದರೆ ನಾನು ಅರ್ಧ ಸತ್ಯ ಹೇಳಿದಂತೆ. ನಾವು ವಿದ್ಯಾರ್ಥಿಗಳು ರೈತರ ಹೊಲಕ್ಕೆ ಹೋಗಿ ಮಣ್ಣು ತಗೊಂಡು ಬರ್ತೀವಿ, ಬೋರ್‌ವೆಲ್ ನೀರು ಬಾಟಲಿಗೆ ತುಂಬ್ತೀವಿ, ಅವರ ಮನೇಲಿ ಟೀ ಕುಡೀತೀವಿ. ಆಮೇಲೆ ಪ್ರಬಂಧ ಬೈಂಡ್ ಮಾಡಿಸಿ ಇಂಗ್ಲಿಷ್‌ನಲ್ಲಿ ಲೈಬ್ರರಿಗೆ ಕೊಟ್ಟು ಹೋಗ್ತೀವಿ. ಫಲಿತಾಂಶ ಹೇಳೋಕೆ ಎಷ್ಟು ಜನ ವಾಪಸ್ ಹೋಗ್ತೀವಿ? ನಾನೂ ಹೋಗಿದ್ದು ಆರರಲ್ಲಿ ಎರಡು ಹೊಲಕ್ಕೆ.

ಹಾಗೆ ಹೇಳೋದರಿಂದ ಎಷ್ಟು ಉಪಯೋಗ ಅನ್ನೋಕೆ ಗುಂಡ್ಲುಪೇಟೆ ಹತ್ತಿರದ ಬೇರಂಬಾಡಿ ನೋಡಿ. ಅಲ್ಲಿನ 84 ಚದರ ಕಿ.ಮೀ. ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸ್‌ನ ವಿಜ್ಞಾನಿಗಳು ಸೇರಿ ಎಷ್ಟೋ ವರ್ಷಗಳಿಂದ ಮಳೆ, ಮಣ್ಣಿನ ತೇವ, ಅಂತರ್ಜಲ ಅಳೀತಿದ್ದಾರೆ. ಇನ್ನೂರಕ್ಕೂ ಹೆಚ್ಚು ಬೋರ್‌ವೆಲ್‌ಗಳ ನೀರು ಪರೀಕ್ಷೆ ಮಾಡಿದಾಗ ಎಷ್ಟೋ ಕಡೆ ನೈಟ್ರೇಟ್ ಜಾಸ್ತಿ ಇತ್ತು. ಹಾಕಿದ ಗೊಬ್ಬರ ಕೆಳಗೆ ಇಳಿದು, ಅದೇ ನೀರು ಮೇಲೆ ಬಂದು ಮತ್ತೆ ಬೆಳೆಗೆ ಹೋಗ್ತಿದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರ್‌ಗೆ 45 ಮಿ.ಗ್ರಾಂ. ಅಷ್ಟು ನೈಟ್ರೇಟ್ ಇರೋ ನೀರನ್ನು ಎಕರೆಗೆ 100 ಮಿ.ಮೀ. ಕಟ್ಟಿದರೆ, ಸುಮಾರು 9 ಕೆ.ಜಿ. ಯೂರಿಯಾ ಕೊಟ್ಟಷ್ಟು ಸಾರಜನಕ ನೀರಲ್ಲೇ ಹೋಗುತ್ತೆ ಅಂತ ಲೆಕ್ಕ ಬರುತ್ತೆ. ಇದು ರೈತನಿಗೆ ಗೊತ್ತಾದರೆ ಗೊಬ್ಬರದ ಖರ್ಚು ಇಳಿಯುತ್ತೆ, ಕುಡಿಯೋ ನೀರಿನ ಬಗ್ಗೆಯೂ ಎಚ್ಚರ ಬರುತ್ತೆ. ಗೊತ್ತಾಗದಿದ್ದರೆ ಅಷ್ಟು ವರ್ಷದ ಅಳತೆ ಪುಸ್ತಕದಲ್ಲೇ ಉಳಿಯುತ್ತೆ.

ಅದಕ್ಕೆ ಇನ್ನು ಮುಂದೆ ಯಾವ ವಿದ್ಯಾರ್ಥಿಯಾದರೂ ನಿಮ್ಮ ಹೊಲಕ್ಕೆ ಸ್ಯಾಂಪಲ್ ಕೇಳಿಕೊಂಡು ಬಂದರೆ ಖಂಡಿತ ಕೊಡಿ. ಜೊತೆಗೆ ನಂಬರ್ ತಗೊಳ್ಳಿ. "ರಿಸಲ್ಟ್ ಕನ್ನಡದಲ್ಲಿ ಒಂದು ಹಾಳೆ ಬರೆದು ವಾಟ್ಸಾಪ್ ಮಾಡಬೇಕು" ಅಂತ ಷರತ್ತು ಹಾಕಿ. ಕೇಳೋದು ನಿಮ್ಮ ಹಕ್ಕು.

ಈಗ ನಮ್ಮ ಮನೇಲಿ

ಆ ವರ್ಷ ಅಪ್ಪ ಮತ್ತೆ ಬೀಜ ತಂದು ಎರಡು ಎಕರೆಗೆ ಬಿತ್ತಿದರು. ಉಳಿದ ಎರಡು ಎಕರೆಗೆ ಆಮೇಲೆ ಹುರುಳಿ ಚೆಲ್ಲಿದರು. ನಾನು ಮುಂದಿನ ರಜೆಗೆ ಹೋದಾಗ ಒಂದು ರೈನ್ ಗೇಜ್ ತಗೊಂಡು ಹೋದೆ. ತಮ್ಮ ಒಂದು ತಿಂಗಳು ಬರೆದ, ಆಮೇಲೆ ಮರೆತ. ಮುಂದುವರಿಸಿದ್ದು ಅಪ್ಪ. ಓದಿದ್ದು ನಾಲ್ಕನೇ ಕ್ಲಾಸು. ಹಾಲಿನ ಡೈರಿಯವರು ಕೊಟ್ಟ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೀತಾರೆ, ಪಕ್ಕದಲ್ಲಿ ಯಾವ ಮಳೆ ಅಂತ ನಕ್ಷತ್ರದ ಹೆಸರೂ ಹಾಕ್ತಾರೆ. ನಮ್ಮ ಲ್ಯಾಬಿನಲ್ಲಿ ವರ್ಷವನ್ನು 52 ವಾರ ಮಾಡ್ತೀವಿ, ಅಪ್ಪ 27 ನಕ್ಷತ್ರ ಮಾಡ್ತಾರೆ. ಎರಡು ವಾರಕ್ಕೆ ಒಂದು ನಕ್ಷತ್ರ ಅಂತ ಇಟ್ಟುಕೊಂಡರೆ ಲೆಕ್ಕ ಹೆಚ್ಚುಕಮ್ಮಿ ಹೊಂದುತ್ತೆ.

ಕಳೆದ ಸಲ ಊರಿಗೆ ಹೋದಾಗ ಆ ಪುಸ್ತಕ ತಿರುಗಿಸಿ ನೋಡಿದೆ. ನಡುವೆ ಮೂರು ದಿನ ಗೆರೆ ಎಳೆದಿತ್ತು. ಏನಪ್ಪಾ ಇದು ಅಂದೆ.

"ಜ್ವರ ಬಂದಿತ್ತು ಕಣಮ್ಮ. ಹೊಲದ ಕಡೆ ಹೋಗ್ಲಿಲ್ಲ. ನೋಡ್ದೆ ಏನಂತ ಬರೀಲಿ?"

ಮುಂಗಾರಿಗೆ ಇನ್ನೂ ಸಮಯ ಇದೆ. ಈ ವಾರವೇ ಒಂದು ಡಬ್ಬಿ, ಒಂದು ಸ್ಕೇಲು, ಒಂದು ಪುಸ್ತಕ ಹೊಂದಿಸಿಕೊಳ್ಳಿ. ಮೊದಲ ಮಳೆಯಿಂದಲೇ ಶುರು ಮಾಡಿ.